ಮಕ್ಕಳ ಚಿತ್ರಕ್ಕೆ ಫ್ರೇಮ್: ಮುಂಬೈ ಮಳೆಗಾಲದಲ್ಲೂ ಹಾಳಾಗದ ಹಾಗೆ ಮಾಡೋದು ಹೇಗೆ

ಪ್ರತಿ ವರ್ಷ ಗಣಪತಿ ಹಬ್ಬದ ಹೊತ್ತಿಗೆ ಇದೇ ಪ್ರಶ್ನೆ ಬರತ್ತೆ. ಡೊಂಬಿವ್ಲಿ, ಮುಲುಂಡ್, ಮೀರಾ ರೋಡ್, ವಾಶಿ, ಎಲ್ಲಾ ಕಡೆ ಇರೋ ನಮ್ಮ ಕನ್ನಡದವರ ಕಥೆ ಒಂದೇ. ಮೇ ತಿಂಗಳಲ್ಲಿ ಮಗು ಬರೆದ ಚಿತ್ರಕ್ಕೆ ಚೆಂದಾಗಿ ಫ್ರೇಮ್ ಹಾಕ್ಸಿದ್ವಿ, ಈಗ ನೋಡಿದ್ರೆ ಒಳಗೆ ಕಂದು ಚುಕ್ಕೆ, ಪೇಪರ್ ಅಲೆ ಅಲೆಯಾಗಿದೆ, ಒಂದು ಮೂಲೆ ಗಾಜಿಗೆ ಅಂಟ್ಕೊಂಡಿದೆ, ಏನ್ ಮಾಡೋದು ಅಂತ. ಅಷ್ಟೊತ್ತಿಗೆ ಮಾಡೋಕೆ ಹೆಚ್ಚೇನೂ ಉಳಿದಿರಲ್ಲ.

ಎಡವೋದು ಕ್ರಮದಲ್ಲಿ. ಮೊದಲು ಫ್ರೇಮ್ ಕೊಳ್ತಾರೆ, ಆಮೇಲೆ ಅದರ ಸೈಜ್‌ಗೆ ಚಿತ್ರ ತುರುಕ್ತಾರೆ, ಆಮೇಲೆ ಖಾಲಿ ಕಂಡ ಗೋಡೆಗೆ ಮೊಳೆ ಹೊಡೀತಾರೆ, ಗೋಡೆ ಒಣಗಿದೆಯಾ ಚಿತ್ರ ಒಣಗಿದೆಯಾ ಅಂತ ಯಾರೂ ನೋಡಲ್ಲ. ಇದನ್ನ ಪೂರ್ತಿ ಉಲ್ಟಾ ಮಾಡ್ಬೇಕು. ಮೊದಲು ಗೋಡೆ, ಆಮೇಲೆ ಚಿತ್ರ, ಆಮೇಲೆ ಮೌಂಟ್ (ಚಿತ್ರದ ಸುತ್ತ ಕೂರೋ ದಪ್ಪ ಬೋರ್ಡ್), ಫ್ರೇಮ್ ಕೊಳ್ಳೋದು ಅದಾದ ಮೇಲೆ.

ಇನ್ನೊಂದು ಮಾತು ಈಗಲೇ ಹೇಳಿಬಿಡ್ತೀನಿ, ದಸರಾ ಆದ್ಮೇಲೆ ಫೆಬ್ರವರಿವರೆಗೆ ಈ ಕೆಲಸಕ್ಕೆ ಒಳ್ಳೇ ಕಾಲ. ಜುಲೈನಲ್ಲಿ ಫ್ರೇಮ್ ಮುಚ್ಚಿದ್ರೆ ಜುಲೈನ ತೇವಾನೂ ಒಳಗೇ ಹಾಕಿ ಮುಚ್ಚಿದ ಹಾಗೆ. ಮುಂಬೈಯಲ್ಲಿ ವರ್ಷಕ್ಕೆ 2000 ಮಿಲಿಮೀಟರ್ ಮೇಲೆ ಮಳೆ ಬೀಳತ್ತೆ, ಗೋವಾದ್ದೂ ಅದೇ ಪಾಡು. ಪುಣೆಯವರಿಗೆ ಅದರ ಅರ್ಧಾನೂ ಇಲ್ಲ, ಹಾಗಾಗಿ ಅವರಿಗೆ ಸ್ವಲ್ಪ ಸಲೀಸು, ಆದ್ರೆ ಅಲ್ಲೂ ಬಾತ್‌ರೂಮ್ ಗೋಡೆ ಬಾತ್‌ರೂಮ್ ಗೋಡೆನೇ.

## ಬೇಕಾಗೋ ಸಾಮಾನು

ಸ್ಟೀಲ್ ಸ್ಕೇಲ್, ಕಟ್ಟರ್ ಮತ್ತೆ ಅದಕ್ಕೆ ಹೊಸ ಬ್ಲೇಡ್, ಪೆನ್ಸಿಲ್, ಎರಡು ಮೌಂಟ್ ಬೋರ್ಡ್ ಶೀಟ್ (ಚಿತ್ರ ಕಾಣೋ ಕಿಟಕಿ ಕತ್ತರಿಸೋಕೆ ಒಂದು, ಚಿತ್ರದ ಹಿಂದಕ್ಕೆ ಒಂದು, ಆಸಿಡ್ ಫ್ರೀ ಸಿಕ್ಕಿದ್ರೆ ಬಿಡಬೇಡಿ), ಫೋಟೋ ಕಾರ್ನರ್ (ಚಿತ್ರದ ಮೂಲೆ ಸಿಕ್ಕಿಸೋ ಸಣ್ಣ ತ್ರಿಕೋನ), ಪೇಪರ್ ಟೇಪ್, ಬೇಕಿಂಗ್‌ಗೆ ಬಳಸೋ ಬಟರ್ ಪೇಪರ್, ಫ್ರೇಮ್ ಹಿಂದೆ ಅಂಟಿಸೋ ಸಣ್ಣ ರಬ್ಬರ್ ಗುಂಡಿಗಳು. ಇಷ್ಟೇ. ಸೆಲ್ಲೋ ಟೇಪ್ ಮತ್ತೆ ಫೆವಿಕಾಲ್ ಈ ಲಿಸ್ಟ್‌ನಲ್ಲಿ ಇಲ್ಲ ಅನ್ನೋದನ್ನ ಗಮನಿಸಿ, ಕೈಗೆ ಸಿಗದ ಹಾಗೆ ಎತ್ತಿಟ್ಬಿಡಿ.

ಮುಂಬೈಯಲ್ಲಿ ಬೋರ್ಡ್, ಪೇಪರ್ ಎಲ್ಲಾ ಕ್ರಾಫರ್ಡ್ ಮಾರ್ಕೆಟ್ ಹತ್ರ ಅಬ್ದುಲ್ ರೆಹಮಾನ್ ಸ್ಟ್ರೀಟ್ ಕಡೆ ಸುತ್ತಿದ್ರೆ ಸಿಗತ್ತೆ. ಪುಣೆಯಲ್ಲಿ ಅಪ್ಪಾ ಬಳವಂತ ಚೌಕ್, ಸ್ಕ್ರೂ ಹುಕ್ ಎಲ್ಲಾ ಬೇಕಂದ್ರೆ ಬೋಹ್ರಿ ಆಳಿ. ಬೋರ್ಡ್ ತಗೊಂಡು ಲೋಕಲ್ ಟ್ರೇನ್‌ನಲ್ಲಿ ಸಂಜೆ ಆರಕ್ಕೆ ಬರಬೇಡಿ, ಮೂಲೆ ಮುರಿಯತ್ತೆ. ಅಂಗಡಿಯಲ್ಲೇ ನಿಮ್ಮ ಸೈಜ್‌ಗೆ ಕಟ್ ಮಾಡಿಸ್ಕೊಳ್ಳಿ.

## ಹಂತ 1: ಗೋಡೆ ಆರಿಸೋದು

ನಮ್ಮಲ್ಲಿ ಮಳೆ ಗಾಳಿ ನೈಋತ್ಯದಿಂದ ಬರತ್ತೆ, ಹಾಗಾಗಿ ಪಶ್ಚಿಮ ಮತ್ತೆ ದಕ್ಷಿಣದ ಹೊರಗೋಡೆಗಳು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೆನೀತಾನೇ ಇರ್ತವೆ. ಆ ಗೋಡೆಗಳು ಬೇಡ. ಬಾತ್‌ರೂಮ್ ಹಿಂದಿನ ಗೋಡೆ ಬೇಡ, ಗ್ಯಾಸ್ ಒಲೆ ಎದುರಿನ ಗೋಡೆ ಬೇಡ, ಒಗ್ಗರಣೆ ಹೊಗೆಯ ಜಿಡ್ಡು ಗಾಜಿನ ಮೇಲೆ ಕೂತ್ರೆ ಉಜ್ಜೋದ್ರಲ್ಲೇ ಜೀವನ ಹೋಗತ್ತೆ. ಎರಡು ರೂಮ್ ಮಧ್ಯದ ಒಳಗೋಡೆ ಸಿಕ್ಕಿದ್ರೆ ಅದೇ ಬೆಸ್ಟ್.

ಡೌಟ್ ಇದ್ರೆ ಟೆಸ್ಟ್ ಮಾಡಿ. ಅಂಗೈಯಗಲ ಅಲ್ಯೂಮಿನಿಯಂ ಫಾಯಿಲ್ ತಗೊಂಡು ನಾಲ್ಕೂ ಕಡೆ ಟೇಪ್‌ನಿಂದ ಗೋಡೆಗೆ ಗಾಳಿ ಆಡದ ಹಾಗೆ ಅಂಟಿಸಿ ಒಂದು ದಿನ ಬಿಡಿ. ಬಿಚ್ಚಿದಾಗ ಒಳಗಡೆ, ಅಂದ್ರೆ ಗೋಡೆ ಕಡೆ, ಒದ್ದೆ ಇದ್ರೆ ಗೋಡೆಯಲ್ಲೇ ನೀರಿದೆ. ಹೊರಮೈ ಮಾತ್ರ ಒದ್ದೆ ಇದ್ರೆ ರೂಮ್‌ನ ಗಾಳಿಯಲ್ಲಿ ತೇವ ಇದೆ, ಗೋಡೆ ಪರವಾಗಿಲ್ಲ.

ಎಚ್ಚರಿಕೆಯ ಲಕ್ಷಣ: ಪೇಂಟ್ ಗುಳ್ಳೆ ಎದ್ದಿರೋದು, ಉಪ್ಪಿನಂಥ ಬಿಳಿ ಪುಡಿ, ಬೀರು ತೆಗೆದಾಗ ಬರೋ ಮುಗ್ಗಲು ವಾಸನೆ. ಇವುಗಳಲ್ಲಿ ಒಂದಿದ್ರೂ ಆ ಗೋಡೆ ಬಿಟ್ಟುಬಿಡಿ, ಸೊಸೈಟಿಯವರು ವಾಟರ್‌ಪ್ರೂಫಿಂಗ್ ಮಾಡಿಸ್ತಾರೆ ಅಂತ ಕಾದು ಕೂತ್ರೆ ಆಗಲ್ಲ.

ನೇರ ಬಿಸಿಲು ಬೀಳೋ ಗೋಡೆನೂ ಬೇಡ. ಯಾಕೆ ಅನ್ನೋದು ಮುಂದಿನ ಹಂತದಲ್ಲಿದೆ.

## ಹಂತ 2: ಯಾವುದು ಗೋಡೆಗೆ, ಯಾವುದು ಫೋಲ್ಡರ್‌ಗೆ

ಎಲ್ಲಾ ಬಣ್ಣಾನೂ ಒಂದೇ ಥರ ಬಾಳಲ್ಲ. ಪೆನ್ಸಿಲ್ ಗಟ್ಟಿ. ವ್ಯಾಕ್ಸ್ ಕ್ರೆಯಾನ್ ಕೂಡ ಬಿಸಿ ತಾಗದಿದ್ರೆ ಸಾಕಷ್ಟು ಬಾಳಿಕೆ ಬರತ್ತೆ. ಪೋಸ್ಟರ್ ಕಲರ್ ಪರವಾಗಿಲ್ಲ, ಆದ್ರೆ ದಪ್ಪ ಹಚ್ಚಿದ್ರೆ ಬಿರುಕು ಬಿಡತ್ತೆ, ಸ್ಕೂಲ್‌ನಲ್ಲಿ ಕಂದು ಪೇಪರ್ ಮೇಲೆ ಬಿಳಿ ಬಣ್ಣದಲ್ಲಿ ಮಾಡಿಸೋ ವಾರ್ಲಿ ಚಿತ್ರ ಸುರುಳಿ ಸುತ್ತಿ ತಂದಾಗ ಬಿಳಿ ಉದುರೋದು ಅದಕ್ಕೇ.

ಬೇಗ ಹೋಗೋದು ಸ್ಕೆಚ್ ಪೆನ್ ಮತ್ತೆ ಫ್ಲೋರೆಸೆಂಟ್ ಬಣ್ಣ. ಅದು ಡೈ, ಬೆಳಕಿಗೆ ಮಾಸತ್ತೆ, ಅದರಲ್ಲೂ ಕಿಟಕಿ ಬಿಸಿಲಿಗೆ ಬಲು ಬೇಗ. ಸ್ಕೆಚ್ ಪೆನ್ ಚಿತ್ರ ಆದ್ರೆ ನನ್ನ ಸಲಹೆ ಒಂದೇ, ಒಳ್ಳೇ ಕಲರ್ ಲೇಸರ್ ಪ್ರಿಂಟ್ ತೆಗೆಸಿ ಅದನ್ನ ಗೋಡೆಗೆ ಹಾಕಿ, ಒರಿಜಿನಲ್ ಫೋಲ್ಡರ್‌ನಲ್ಲಿ ಕತ್ತಲಲ್ಲಿ ಇಡಿ. ಮಗು ಏನೂ ಬೇಜಾರು ಮಾಡ್ಕೊಳ್ಳಲ್ಲ, ಬೇಜಾರು ಮಾಡ್ಕೊಳ್ಳೋದು ಅಜ್ಜಿ, "ಅಸಲಿ ಎಲ್ಲಿಟ್ರಿ" ಅಂತ.

ಇನ್ನು ತೊಗರಿಬೇಳೆ, ರಾಜ್ಮಾ, ಶ್ಯಾವಿಗೆ ಅಂಟಿಸಿರೋ ಕೊಲಾಜ್. ಇದು ಮಳೆಗಾಲದಲ್ಲಿ ಹುಳಕ್ಕೆ ಊಟ. ಇಡಲೇಬೇಕು ಅಂದ್ರೆ ಜಿಪ್ ಕವರ್‌ನಲ್ಲಿ ಗಾಳಿ ಹೊರಗೆ ಹಾಕಿ ಮುಚ್ಚಿ, ಫ್ರೀಜರ್‌ನಲ್ಲಿ ಒಂದು ವಾರ ಇಡಿ, ಒಳಗಿರೋ ಹುಳ ಮೊಟ್ಟೆ ಸಾಯತ್ತೆ. ಹೊರಗೆ ತೆಗೆದಾಗ ಕವರ್ ತಕ್ಷಣ ಬಿಚ್ಚಬೇಡಿ, ರೂಮ್ ಬಿಸಿಗೆ ಬರೋವರೆಗೆ ಅಂದ್ರೆ ಒಂದು ರಾತ್ರಿ ಹಾಗೇ ಬಿಡಿ, ಇಲ್ಲಾಂದ್ರೆ ತಣ್ಣಗಿರೋ ಪೇಪರ್ ಮೇಲೆ ನೀರು ಕೂತ್ಕೊಳತ್ತೆ. ಇಷ್ಟೆಲ್ಲಾ ಯಾಕೆ, ಫೋಟೋ ತೆಗೆದು ಕೊಲಾಜ್‌ಗೆ ವಿದಾಯ ಹೇಳಿ ಅನ್ನೋದು ನನ್ನ ಅಭಿಪ್ರಾಯ.

ಆರಿಸಿದ ಪ್ರತಿ ಚಿತ್ರದ ಹಿಂದೆ ಪೆನ್ಸಿಲ್‌ನಲ್ಲಿ ಹೆಸರು, ತಿಂಗಳು, ವರ್ಷ, ಮತ್ತೆ ಇದೇನು ಅಂತ ಕೇಳಿದಾಗ ಮಗು ಹೇಳಿದ ಮಾತು ಬರೀರಿ. ಬಾಲ್ ಪೆನ್ ಒತ್ತು ಮುಂದೆ ಮೂಡತ್ತೆ, ಜೆಲ್ ಪೆನ್ ತೇವಕ್ಕೆ ಹರಡತ್ತೆ.

## ಹಂತ 3: ಮುಟ್ಟೋ ಮೊದಲು ಫೋಟೋ

ಹಗಲು ಹೊತ್ತಲ್ಲಿ ಕಿಟಕಿ ಪಕ್ಕ ನೆಲದ ಮೇಲಿಟ್ಟು, ಫ್ಲಾಶ್ ಇಲ್ಲದೆ, ಫೋನ್ ಚಿತ್ರಕ್ಕೆ ಸಮಾನಾಂತರವಾಗಿ ಹಿಡಿದು ಒಂದು ಫೋಟೋ. ಎ4 ಆದ್ರೆ ಸ್ಕ್ಯಾನರ್ ಇನ್ನೂ ಒಳ್ಳೇದು, 300 ಡಿಪಿಐ ಸಾಕು. ಮುಂದೆ ಏನೇ ಹೆಚ್ಚುಕಮ್ಮಿ ಆದ್ರೂ ಇದೊಂದು ಉಳಿಯತ್ತೆ.

## ಹಂತ 4: ಒಣಗಿಸಿ, ಚಪ್ಪಟೆ ಮಾಡಿ

ಪೋಸ್ಟರ್ ಕಲರ್ ಕೈಗೆ ಅಂಟದಿದ್ರೆ ಒಣಗಿದೆ ಅಂತಲ್ಲ. ಬೇಸಿಗೆಯಲ್ಲಿ ಒಂದು ದಿನ ಸಾಕು, ಮಳೆಗಾಲದಲ್ಲಿ ಮೂರ್ನಾಲ್ಕು ದಿನ ಫ್ಯಾನ್ ಕೆಳಗೆ ಬಿಡಿ. ಗ್ಲಿಟರ್ ಅಂಟಿಸೋಕೆ ಸುರಿದ ಗೋಂದಿನ ಗುಡ್ಡೆ ಇದ್ರೆ ಒಂದು ವಾರ. ಏಸಿ ಇದ್ದವರು ಡ್ರೈ ಮೋಡ್‌ನಲ್ಲಿ ಇಡಿ. ಬಿಸಿಲಿಗೆ ಹಾಕಬೇಡಿ, ಹೇರ್ ಡ್ರೈಯರ್ ಬೇಡ, ಪೇಪರ್ ಒಂದು ಕಡೆ ಎಳ್ಕೊಂಡು ಸುರುಟತ್ತೆ.

ಆಯಿಲ್ ಪೇಸ್ಟಲ್ ಮಾತ್ರ ಬೇರೆ ಜಾತಿ, ಅದು ಪೂರ್ತಿ ಒಣಗೋದೇ ಇಲ್ಲ. ವರ್ಷ ಬಿಟ್ಟು ಉಜ್ಜಿದ್ರೂ ಬೆರಳಿಗೆ ಹತ್ತತ್ತೆ. ಅದಕ್ಕೆ ಸ್ಪ್ರೇ ಹೊಡೆದು ಗಟ್ಟಿ ಮಾಡ್ತೀವಿ ಅನ್ನೋದು ನಡೆಯಲ್ಲ, ಫಿಕ್ಸೆಟಿವ್ ಅನ್ನೋ ಆ ಸ್ಪ್ರೇ ಕೆಲಸ ಮಾಡೋದು ಚಾಕ್ ಪೇಸ್ಟಲ್, ಚಾರ್ಕೋಲ್, ಪೆನ್ಸಿಲ್‌ಗೆ. ಹೇರ್ ಸ್ಪ್ರೇ ಅಂತೂ ಬೇಡವೇ ಬೇಡ, ಹಳದಿ ಆಗತ್ತೆ. ಆಯಿಲ್ ಪೇಸ್ಟಲ್‌ಗೆ ಇರೋ ದಾರಿ ಗಾಜು ತಾಗದ ಹಾಗೆ ಗ್ಯಾಪ್ ಕೊಡೋದು, ಅಷ್ಟೇ.

ಸುರುಳಿಯಾಗಿ ಬಂದ ಚಿತ್ರವನ್ನ ಉಲ್ಟಾ ಸುರುಳಿ ಸುತ್ತೋ ಅಭ್ಯಾಸ ಎಲ್ಲರಿಗೂ ಇದೆ, ಹಾಗೆ ಮಾಡಿದ್ರೆ ಪೋಸ್ಟರ್ ಕಲರ್ ಚಕ್ಕೆ ಚಕ್ಕೆಯಾಗಿ ಏಳತ್ತೆ. ಚಿತ್ರದ ಕೆಳಗೆ ಬಿಳಿ ಪೇಪರ್, ಮೇಲೆ ಬಟರ್ ಪೇಪರ್, ಅದರ ಮೇಲೆ ಪ್ಲೈ ಅಥವಾ ಡ್ರಾಯಿಂಗ್ ಬೋರ್ಡ್, ಅದರ ಮೇಲೆ ದಪ್ಪ ಪುಸ್ತಕಗಳು, ಎರಡು ಮೂರು ದಿನ. ನ್ಯೂಸ್‌ಪೇಪರ್ ಮಧ್ಯ ಇಡಬೇಡಿ, ಇಂಕ್ ಇಳಿಯತ್ತೆ. ಇಸ್ತ್ರಿ ಪೆಟ್ಟಿಗೆ ಬೇಡ, ಕ್ರೆಯಾನ್ ಕರಗತ್ತೆ.

ಲ್ಯಾಮಿನೇಷನ್ ಬಗ್ಗೆ ಕೇಳೇ ಕೇಳ್ತಾರೆ. ಝೆರಾಕ್ಸ್ ಅಂಗಡಿಯ ಮೆಷಿನ್‌ನ ಬಿಸಿ ರೋಲರ್‌ನಲ್ಲಿ ವ್ಯಾಕ್ಸ್ ಕರಗಿ ಹರಡತ್ತೆ, ಒಳಗೆ ಒಂಚೂರು ತೇವ ಇದ್ರೆ ಅದೂ ಒಳಗೇ, ಮತ್ತೆ ಒಮ್ಮೆ ಮಾಡಿದ್ರೆ ಬಿಡಿಸೋಕಾಗಲ್ಲ. ಊಟದ ಟೇಬಲ್ ಮ್ಯಾಟ್ ಮಾಡೋದಿದ್ರೆ ಪ್ರಿಂಟ್ ತೆಗೆಸಿ ಅದನ್ನ ಲ್ಯಾಮಿನೇಟ್ ಮಾಡಿ.

## ಹಂತ 5: ಮೌಂಟ್, ಇಲ್ಲೇ ಎಲ್ಲಾ ಇರೋದು

ಮೌಂಟ್ ಅಂದ್ರೆ ಚಿತ್ರದ ಸುತ್ತ ಕಾಣೋ ದಪ್ಪ ಬೋರ್ಡ್‌ನ ಕಿಟಕಿ. ಚೆಂದಕ್ಕೆ ಅಂತ ಎಲ್ಲರೂ ಅನ್ಕೋತಾರೆ. ಅದರ ನಿಜವಾದ ಕೆಲಸ ಗಾಜನ್ನ ಚಿತ್ರದಿಂದ ದೂರ ಇಡೋದು. ಗಾಜು ತಣ್ಣಗಾದಾಗ ಒಳಗಿನ ತೇವ ಗಾಜಿನ ಮೇಲೆ ಕೂರತ್ತೆ, ಚಿತ್ರ ತಾಗಿಕೊಂಡಿದ್ರೆ ಆ ನೀರು ನೇರ ಬಣ್ಣಕ್ಕೆ ಹೋಗಿ ಬಣ್ಣ ಗಾಜಿಗೆ ಅಂಟತ್ತೆ. ಬೋರ್ಡ್ ದಪ್ಪ ಸುಮಾರು ಒಂದೂವರೆ ಮಿಲಿಮೀಟರ್ ಇರತ್ತೆ, ಮಾಮೂಲಿ ಚಿತ್ರಕ್ಕೆ ಅಷ್ಟು ಗ್ಯಾಪ್ ಸಾಕು. ದಪ್ಪ ಬಣ್ಣ, ಗ್ಲಿಟರ್, ಆಯಿಲ್ ಪೇಸ್ಟಲ್ ಇದ್ರೆ ಎರಡು ಬೋರ್ಡ್ ಒಂದರ ಮೇಲೊಂದು ಇಡಿ.

ಲೆಕ್ಕ ಹೀಗೆ. ಎ4 ಚಿತ್ರ 210 × 297 ಮಿಲಿಮೀಟರ್. ಅದಕ್ಕೆ ಎ3 ಅಳತೆಯ ಫ್ರೇಮ್ ಅಂತ ಇಟ್ಕೊಳ್ಳಿ, ಅಂದ್ರೆ ಬೋರ್ಡ್ 297 × 420. ಕಿಟಕಿ ಚಿತ್ರದ ಅಂಚನ್ನ ನಾಲ್ಕೂ ಕಡೆ 7 ಮಿಲಿಮೀಟರ್ ಮುಚ್ಚಬೇಕು, ಹಾಗಾಗಿ ಕಿಟಕಿ 196 × 283. ಪಕ್ಕದ ಪಟ್ಟಿ 50.5, ಮೇಲೆ ಕೆಳಗೆ 68.5. ಬೋರ್ಡ್‌ನ ಹಿಂದುಗಡೆ ಪೆನ್ಸಿಲ್‌ನಲ್ಲಿ ಗೆರೆ ಹಾಕಿ, ಕೆಳಗೆ ಹಳೇ ರಟ್ಟು ಇಟ್ಟು, ಹೊಸ ಬ್ಲೇಡ್‌ನಲ್ಲಿ ಸ್ಟೀಲ್ ಸ್ಕೇಲ್ ಒತ್ತಿ ಹಿಡಿದು ಹಗುರವಾಗಿ ಮೂರ್ನಾಲ್ಕು ಸಲ ಎಳೀರಿ. ಒಂದೇ ಏಟಿಗೆ ಕತ್ತರಿಸೋಕೆ ಹೋದ್ರೆ ಬ್ಲೇಡ್ ಓಡತ್ತೆ, ಬೆರಳೂ ಹೋಗತ್ತೆ. ಮೂಲೆಯಲ್ಲಿ ತುಂಡು ಬಿಡದಿದ್ರೆ ಕಿತ್ತು ತೆಗೀಬೇಡಿ, ಮತ್ತೆ ಬ್ಲೇಡ್ ಆಡಿಸಿ.

ಕತ್ತರಿಸೋ ಮೊದಲು ಕಿಟಕಿ ಸೈಜ್‌ನ ಬಿಳಿ ಪೇಪರ್ ಚೌಕಟ್ಟು ಮಾಡಿ ಚಿತ್ರದ ಮೇಲಿಟ್ಟು ನೋಡಿ. ಮಕ್ಕಳು ಸೂರ್ಯನ್ನ ಮೂಲೆಯಲ್ಲೇ ಬರೀತಾರೆ, ಹೆಸರನ್ನ ತುಟ್ಟತುದಿಯಲ್ಲಿ, ಕೊನೇ ಅಕ್ಷರಕ್ಕೆ ಜಾಗ ಸಾಲದೆ ಅದು ಕೆಳಗೆ ಜಾರಿರತ್ತೆ. ಆ 7 ಮಿಲಿಮೀಟರ್‌ನಲ್ಲಿ ಅದೆಲ್ಲಾ ಮುಚ್ಚಿಹೋಗತ್ತೆ, ಗೋಡೆಗೆ ಹಾಕಿದ ಮೇಲೆ ಮಗು ಮೊದಲು ಕೇಳೋದು "ನನ್ ಹೆಸರೆಲ್ಲಿ?" ಅಂತ. ಅಂಥ ಚಿತ್ರಕ್ಕೆ ಅಂಚು ಮುಚ್ಚಬೇಡಿ, ಕಿಟಕಿಯನ್ನ ಚಿತ್ರಕ್ಕಿಂತ ಸುತ್ತಲೂ 5 ಮಿಲಿಮೀಟರ್ ದೊಡ್ಡದು ಮಾಡಿ, 220 × 307, ಹಿಂದಿನ ಬೋರ್ಡ್ ಮೇಲೆ ಚಿತ್ರದ ನಾಲ್ಕೂ ಅಂಚು ಕಾಣ್ತಾ ಕೂರತ್ತೆ. ಹರಿದ ಅಂಚು, ಸ್ಪೈರಲ್ ಬುಕ್‌ನಿಂದ ಕಿತ್ತ ತೂತುಗಳು ಕೂಡ ಹಾಗೆ ಚೆಂದ ಕಾಣತ್ತೆ.

ಅಂಟಿಸೋದು ಹೇಗೆ? ಇಲ್ಲಿ ಹತ್ತಕ್ಕೆ ಒಂಬತ್ತು ಜನ ತಪ್ಪು ಮಾಡ್ತಾರೆ. ಹಿಂದೆ ಪೂರ್ತಿ ಫೆವಿಕಾಲ್ ಸವರೋದು, ಅಥವಾ ನಾಲ್ಕೂ ಕಡೆ ಟೇಪ್ ಬಿಗಿಯೋದು. ಪೇಪರ್ ತೇವ ಎಳ್ಕೊಂಡಾಗ ಹಿಗ್ಗತ್ತೆ, ಒಣಗಿದಾಗ ಕುಗ್ಗತ್ತೆ, ಅದಕ್ಕೆ ಆಡೋಕೆ ಜಾಗ ಬೇಕು. ನಾಲ್ಕೂ ಕಡೆ ಕಟ್ಟಿಹಾಕಿದ್ರೆ ಮಧ್ಯದಲ್ಲಿ ಅಲೆ ಏಳದೆ ಇನ್ನೇನಾಗತ್ತೆ. ಅಂಚು ಮುಚ್ಚೋ ಮೌಂಟ್ ಆದ್ರೆ ನಾಲ್ಕು ಮೂಲೆಗೆ ಸಣ್ಣ ಫೋಟೋ ಕಾರ್ನರ್, ಸುತ್ತ 1 ಮಿಲಿಮೀಟರ್ ಸಡಿಲ ಬಿಡಿ. ಅಂಚು ಕಾಣೋ ಮೌಂಟ್ ಆದ್ರೆ ಮೇಲಿನ ಅಂಚಿನ ಹಿಂದೆ ಮಾತ್ರ ಎರಡು ಸಣ್ಣ ಪೇಪರ್ ಟೇಪ್ ತುಂಡು, ಚಿತ್ರ ಕ್ಯಾಲೆಂಡರ್ ಥರ ಮೇಲಿಂದ ನೇತಾಡ್ತಿರಬೇಕು, ಕೆಳಗೆ ಏನೂ ಬೇಡ. ಸೆಲ್ಲೋ ಟೇಪ್ ಎರಡು ಮೂರು ವರ್ಷಕ್ಕೆ ಹಳದಿಯಾಗಿ ಅಂಟು ಪೇಪರ್‌ಗೆ ಇಳಿಯತ್ತೆ, ಆ ಕಲೆ ಹೋಗಲ್ಲ.

## ಹಂತ 6: ಈಗ ಫ್ರೇಮ್

ಅಗ್ಗದ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಬೋರ್ಡ್) ಫ್ರೇಮ್ ತೇವಕ್ಕೆ ಊದ್ಕೊಂಡು ಮೂಲೆ ಬಾಯಿ ಬಿಡತ್ತೆ. ಕೊಂಕಣ ತೀರದ ಹವಾಗೆ ಸಿಂಥೆಟಿಕ್ ಅಥವಾ ಅಲ್ಯೂಮಿನಿಯಂ ಸಾಕು, ಸಾಗುವಾನಿ ಬೇಕಾದವರು ಹಾಕ್ಸಿ. ಹಿಂದಿನ ಹಾರ್ಡ್‌ಬೋರ್ಡ್ ಬದಲು 3 ಮಿಲಿಮೀಟರ್ ಸನ್‌ಬೋರ್ಡ್ ಕೇಳಿ, ಅದು ಹಗುರ ಪ್ಲಾಸ್ಟಿಕ್ ಫೋಮ್ ಶೀಟ್, ನೀರು ಕುಡಿಯಲ್ಲ.

ಗಾಜಾ ಆಕ್ರಿಲಿಕ್ಕಾ? ಎ3 ಅಳತೆಗೆ 2 ಮಿಲಿಮೀಟರ್ ಗಾಜು ಸುಮಾರು 620 ಗ್ರಾಂ, ಅದೇ ದಪ್ಪದ ಆಕ್ರಿಲಿಕ್ 300 ಗ್ರಾಂ. ಮಕ್ಕಳ ರೂಮ್‌ನಲ್ಲಿ, ಹಾಸಿಗೆ ಮೇಲ್ಗಡೆ, ಬಾಲ್ ಆಡೋ ಕಾರಿಡಾರ್‌ನಲ್ಲಿ ಆಕ್ರಿಲಿಕ್ಕೇ, ಮಾತೇ ಇಲ್ಲ. ಒಂದು ಎಕ್ಸೆಪ್ಷನ್: ಚಾಕ್ ಪೇಸ್ಟಲ್ ಮತ್ತೆ ಚಾರ್ಕೋಲ್. ಆಕ್ರಿಲಿಕ್ ಒರೆಸಿದ್ರೆ ಸ್ಟಾಟಿಕ್ ಹುಟ್ಟಿ ಪುಡಿಯನ್ನ ಮೇಲೆಳ್ಕೊಳತ್ತೆ, ಅದಕ್ಕೆ ಗಾಜೇ ಬೇಕು. ಆಕ್ರಿಲಿಕ್‌ಗೆ ಅಮೋನಿಯಾ ಇರೋ ಗ್ಲಾಸ್ ಕ್ಲೀನರ್ ಹಾಕಬೇಡಿ, ಕೂದಲೆಳೆ ಬಿರುಕು ಬಂದು ಮಬ್ಬಾಗತ್ತೆ, ಪಾತ್ರೆ ಸೋಪಿನ ಒಂದು ಹನಿ ನೀರಿಗೆ ಹಾಕಿ ಮೈಕ್ರೋಫೈಬರ್ ಬಟ್ಟೆಯಲ್ಲಿ ಒರೆಸಿ. ಯಾವುದಕ್ಕೇ ಆಗಲಿ ಫ್ರೇಮ್ ಮೇಲೆ ನೇರ ಸ್ಪ್ರೇ ಮಾಡಬೇಡಿ, ಅಂಚಿಂದ ಒಳಗೆ ಇಳಿಯತ್ತೆ.

ಗಲ್ಲಿಯ ಫ್ರೇಮ್ ಅಂಗಡಿಗೆ ಕೊಡೋದಾದ್ರೆ ಒಂದು ಮಾತು ಬಾಯಿಬಿಟ್ಟು ಹೇಳಿ, "ಭೈಯಾ, ಪೇಸ್ಟಿಂಗ್ ಮತ್ ಕರ್ನಾ, ಮೌಂಟ್ ಲಗಾನಾ." ಪುಣೆಯಲ್ಲಾದ್ರೆ "ಪೇಸ್ಟ್ ಕರೂ ನಕಾ, ಮೌಂಟ್ ಲಾವಾ." ಅಂದ್ರೆ ಅಂಟಿಸಬೇಡಿ, ಮೌಂಟ್ ಹಾಕಿ ಅಂತ. ಹೇಳದಿದ್ರೆ ಅವರು ಅಭ್ಯಾಸಬಲದಲ್ಲಿ ಚಿತ್ರವನ್ನ ಬೋರ್ಡ್‌ಗೆ ಅಂಟಿಸಿ ಮೇಲೆ ಗಾಜು ಒತ್ತಿ ಕೊಡ್ತಾರೆ, ನೋಡೋಕೆ ನೀಟಾಗಿರತ್ತೆ, ಬಂದ ಕೂಡಲೇ ಖುಷಿಯೂ ಆಗತ್ತೆ. ಹಾಗಾಗಿ ಮನೆಗೆ ತರೋ ಮೊದಲು ಫ್ರೇಮನ್ನ ಪಕ್ಕದಿಂದ ಬೆಳಕಿಗೆ ಹಿಡಿದು ನೋಡಿ, ಗಾಜಿಗೂ ಚಿತ್ರಕ್ಕೂ ಮಧ್ಯ ನೆರಳು ಕಾಣಬೇಕು. ಕಾಣದಿದ್ರೆ ಅಲ್ಲೇ ವಾಪಸ್ ಕೊಡಿ.

ಮಹಾರಾಷ್ಟ್ರ ಸರ್ಕಾರದ ಎಲಿಮೆಂಟರಿ, ಇಂಟರ್‌ಮೀಡಿಯಟ್ ಡ್ರಾಯಿಂಗ್ ಪರೀಕ್ಷೆಗೆ ಪ್ರಾಕ್ಟೀಸ್ ಮಾಡೋ ಮಕ್ಕಳಿದ್ರೆ ಎಲ್ಲಾ ಶೀಟ್ ಒಂದೇ ಅಳತೆಯದ್ದು ಇರತ್ತೆ. ಅಂಥವರು ಹಿಂದಿನ ಕ್ಲಿಪ್ ತಿರುಗಿಸಿ ತೆಗೆಯೋ ಫ್ರೇಮ್ ಎರಡು ಮೂರು ತಗೊಂಡು ಚಿತ್ರ ಬದಲಾಯಿಸ್ತಾ ಇರಿ, ಪ್ರತಿಯೊಂದಕ್ಕೂ ಫ್ರೇಮ್ ಹಾಕ್ಸೋಕೆ ಹೋದ್ರೆ ಒನ್ ಬಿಎಚ್‌ಕೆಯಲ್ಲಿ ಮನುಷ್ಯರಿಗೆ ಜಾಗ ಉಳಿಯಲ್ಲ.

## ಹಂತ 7: ನೇತು ಹಾಕೋದು

ಎತ್ತರ: ಹಾಲ್‌ನಲ್ಲಿ ಫ್ರೇಮ್‌ನ ನಡುಭಾಗ ನೆಲದಿಂದ 145ರಿಂದ 150 ಸೆಂಟಿಮೀಟರ್. ಮಕ್ಕಳ ರೂಮ್‌ನಲ್ಲಿ ಮಗುವಿನ ಕಣ್ಣಿನ ಮಟ್ಟಕ್ಕೆ, ನಾಲ್ಕೈದು ವರ್ಷದ ಮಗುಗೆ ಸುಮಾರು ಒಂದು ಮೀಟರ್. ಬಾಗಿಲ ಮೇಲೆ ದೇವರ ಫೋಟೋ ಪಕ್ಕ ಹಾಕಿದ್ರೆ ಬರೆದವರಿಗೇ ಕಾಣಲ್ಲ.

ಸ್ವಂತ ಮನೆಯವರು ಡ್ರಿಲ್ ಮಾಡಿ. 6 ಮಿಲಿಮೀಟರ್ ಬಿಟ್, ಅದೇ ಅಳತೆಯ ಗಿಟ್ಟಿ (ತೂತಿಗೆ ಹಾಕೋ ಪ್ಲಗ್), ಸ್ಕ್ರೂ. ಹೊಸ ಟವರ್‌ಗಳಲ್ಲಿ ಗೋಡೆನೇ ಕಾಂಕ್ರೀಟ್, ಅಲ್ಲಿ ಮೊಳೆ ಬಗ್ಗತ್ತೆ, ಹ್ಯಾಮರ್ ಡ್ರಿಲ್ಲೇ ಬೇಕು. ಸ್ವಿಚ್ ಬೋರ್ಡ್‌ನ ನೇರ ಮೇಲೆ ಕೆಳಗೆ ತೂತು ಹಾಕಬೇಡಿ, ವೈರ್ ಹೋಗಿರತ್ತೆ. ಬಾತ್‌ರೂಮ್, ಕಿಚನ್ ಗೋಡೆಯಲ್ಲಿ ಪೈಪ್. ಮಧ್ಯಾಹ್ನ ನಿದ್ದೆ ಹೊತ್ತಲ್ಲಿ ಶುರು ಮಾಡಿದ್ರೆ ಸೊಸೈಟಿ ವಾಟ್ಸಾಪ್ ಗ್ರೂಪ್‌ನಲ್ಲಿ ನಿಮ್ಮ ಫ್ಲಾಟ್ ನಂಬರ್ ಬರತ್ತೆ, ಅದೂ ನೆನಪಿರಲಿ.

11 ತಿಂಗಳ ಬಾಡಿಗೆ ಕರಾರು, ಅಂದ್ರೆ ಲೀವ್ ಅಂಡ್ ಲೈಸೆನ್ಸ್‌ನಲ್ಲಿ ಇರೋರು ಡಿಪಾಸಿಟ್ ಕಳ್ಕೊಳ್ಳೋದು ಬೇಡ ಅಂತ ಅಂಟು ಸ್ಟ್ರಿಪ್ ಹಾಕ್ತಾರೆ, ಅದು ರಾತ್ರಿ ಎರಡು ಗಂಟೆಗೆ ಧಡ್ ಅಂತ ಬೀಳತ್ತೆ. ಬೀಳೋಕೆ ಕಾರಣಗಳು ಇಷ್ಟೇ: ಸುಣ್ಣ ಅಥವಾ ಪುಡಿ ಉದುರೋ ಡಿಸ್ಟೆಂಪರ್ ಗೋಡೆ, ಪೇಂಟ್ ಮಾಡಿ ವಾರ ಆಗಿಲ್ಲದಿರೋದು, ಗೋಡೆ ಒರೆಸದೆ ಅಂಟಿಸಿದ್ದು, ಅಂಟಿಸಿದ ಕೂಡಲೇ ತೂಕ ಹಾಕಿದ್ದು. ಗೋಡೆ ಮೇಲೆ ಬೆರಳು ಎಳೀರಿ, ಬಿಳಿ ಹತ್ತಿದ್ರೆ ಸ್ಟ್ರಿಪ್ ಆಸೆ ಬಿಡಿ. ಪ್ಲಾಸ್ಟಿಕ್ ಪೇಂಟ್ ಇದ್ರೆ ಸ್ಪಿರಿಟ್‌ನಲ್ಲಿ ಒರೆಸಿ, ಒಣಗಿಸಿ, ಸ್ಟ್ರಿಪ್ ಒತ್ತಿ ಅರ್ಧ ನಿಮಿಷ ಹಿಡೀರಿ, ಒಂದು ಗಂಟೆ ಬಿಟ್ಟು ಫ್ರೇಮ್ ಹಾಕಿ. ಪ್ಯಾಕೆಟ್ ಮೇಲೆ ಬರೆದ ತೂಕದ ಅರ್ಧಕ್ಕಿಂತ ಜಾಸ್ತಿ ನಂಬಬೇಡಿ, ಗಾಜಿನ ಫ್ರೇಮ್ ಅಂತೂ ಅದರ ಮೇಲೆ ಬೇಡ. ತೆಗೆಯುವಾಗ ಸ್ಟ್ರಿಪ್‌ನ ತುದಿಯ ಬಾಲವನ್ನ ಗೋಡೆಗೆ ಸಮಾನಾಂತರವಾಗಿ ಕೆಳಗೆ ನಿಧಾನ ಎಳೀರಿ, ನಿಮ್ಮ ಕಡೆ ಎಳೆದ್ರೆ ಪೇಂಟ್ ಸಮೇತ ಬರತ್ತೆ.

ಏನೇ ಹಾಕಿದ್ರೂ ಫ್ರೇಮ್ ಹಿಂದೆ ಕೆಳಗಿನ ಎರಡು ಮೂಲೆಗೆ ರಬ್ಬರ್ ಗುಂಡಿ ಅಂಟಿಸಿ. ಫ್ರೇಮ್‌ಗೂ ಗೋಡೆಗೂ ಮಧ್ಯ ಗಾಳಿ ಆಡಬೇಕು. ಈ ಎರಡು ಗುಂಡಿಗೆ ಹತ್ತು ರೂಪಾಯಿ ಕೂಡ ಆಗಲ್ಲ, ಹಾಕೋರು ಯಾರೂ ಇಲ್ಲ.

## ಹಂತ 8: ಮಳೆಗಾಲದ ಚೆಕಿಂಗ್

ಜೂನ್‌ನಿಂದ ದಸರಾವರೆಗೆ ಹದಿನೈದು ದಿನಕ್ಕೊಮ್ಮೆ ಫ್ರೇಮ್ ತೆಗೆದು ಹಿಂದೆ ಕೈಯಾಡಿಸಿ. ತಣ್ಣಗೆ ತೇವ ಅನ್ನಿಸಿದ್ರೆ ಆ ಜಾಗದಿಂದ ಎತ್ತಿ ಒಳಗೋಡೆಗೆ ಒರಗಿಸಿ.

ಗಾಜಿನ ಒಳಗೆ ಮಂಜು: ತಕ್ಷಣ ಬಿಚ್ಚಿ ಫ್ಯಾನ್ ಕೆಳಗೆ ಒಣಗಿಸಿ. ಕಂದು ಅಥವಾ ಹಸಿರು ಚುಕ್ಕೆ, ಹತ್ತಿಯಂಥ ನೂಲು: ಫಂಗಸ್. ಮಾಸ್ಕ್ ಹಾಕ್ಕೊಂಡು ಬಾಲ್ಕನಿಗೆ ತಗೊಂಡು ಹೋಗಿ, ಮೊದಲು ಒಣಗಿಸಿ, ಆಮೇಲೆ ಮೆತ್ತಗಿನ ಬ್ರಷ್‌ನಲ್ಲಿ ಉದುರಿಸಿ, ಒದ್ದೆ ಬಟ್ಟೆ ಮುಟ್ಟಿಸಬೇಡಿ, ಒರೆಸಿದ್ರೆ ಪೇಪರ್ ಒಳಗೇ ಹೋಗತ್ತೆ. ಆ ಮೌಂಟ್ ಬೋರ್ಡ್ ಎಸೆದು ಹೊಸದು ಹಾಕಿ. ಪೇಪರ್ ಮೇಲೆ ಕೆರೆದ ಹಾಗೆ ತೆಳುವಾದ ತೇಪೆಗಳು ಕಂಡ್ರೆ ಸಿಲ್ವರ್ ಫಿಶ್, ಅದಕ್ಕೆ ಗಂಜಿ, ಗೋಂದು ಎಲ್ಲಾ ಇಷ್ಟ. ಫ್ರೇಮ್ ಕೆಳಗೆ ನೆಲದ ಮೇಲೆ ಸಣ್ಣ ಮರದ ಪುಡಿ ಬಿದ್ದಿದ್ರೆ ಫ್ರೇಮ್‌ಗೇ ಹುಳ ಹತ್ತಿದೆ, ಚಿತ್ರ ತೆಗೆದು ಫ್ರೇಮನ್ನ ಮನೆಯಿಂದ ಹೊರಗೆ ಹಾಕಿ.

ಚಿತ್ರ ಗಾಜಿಗೆ ಅಂಟಿದೆ ಅಂದ್ರೆ ಎಳೀಬೇಡಿ, ನೀರು ಹಚ್ಚಬೇಡಿ, ಬ್ಲೇಡ್ ತೂರಿಸಬೇಡಿ. ಗಾಜಿನ ಸಮೇತ ಸ್ಕ್ಯಾನ್ ಮಾಡಿ. ಆಮೇಲೆ ಒಣ ಹವಾದಲ್ಲಿ, ಡಿಸೆಂಬರ್ ಜನವರಿಯಲ್ಲಿ, ಅಂಟಿರೋ ಜಾಗ ಚಿಕ್ಕದಿದ್ರೆ ಕೆಲವೊಮ್ಮೆ ತಾನಾಗೇ ಬಿಡತ್ತೆ, ಬಿಡದಿದ್ರೆ ಗಾಜನ್ನೇ ಮುಂಭಾಗ ಅಂತ ಉಳಿಸ್ಕೊಂಡು ಹೊಸ ಫ್ರೇಮ್‌ನಲ್ಲಿ ಹಾಗೇ ಕೂರಿಸಿ.

ಫೋಲ್ಡರ್‌ನಲ್ಲಿರೋ ಉಳಿದ ಚಿತ್ರಗಳನ್ನ ಪ್ಲಾಸ್ಟಿಕ್ ಕವರ್‌ನಲ್ಲಿ ಬಿಗಿದು ಲಾಫ್ಟ್‌ಗೆ ಎಸೀಬೇಡಿ. ರಟ್ಟಿನ ಫೋಲ್ಡರ್, ಮಧ್ಯ ಮಧ್ಯ ಬಿಳಿ ಪೇಪರ್, ಆಯಿಲ್ ಪೇಸ್ಟಲ್ ಇದ್ರೆ ಬಟರ್ ಪೇಪರ್, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ, ಮಂಚದ ಬಾಕ್ಸ್‌ನಲ್ಲಿ ಅಲ್ಲ, ಬೀರುವಿನ ಮೇಲಿನ ಖಾನೆಯಲ್ಲಿ. ಬಣ್ಣ ಬದಲಾಗೋ ಸಿಲಿಕಾ ಜೆಲ್ ತಂದ್ರೆ ಯಾವಾಗ ಬದಲಾಯಿಸ್ಬೇಕು ಅಂತ ಗೊತ್ತಾಗತ್ತೆ, ಮಕ್ಕಳ ಕೈಗೆ ಮಾತ್ರ ಸಿಗದ ಹಾಗಿಡಿ.